ದುಡ್ಡು ಕೊಟ್ಟರೆ ಯಾರು ಬೇಕಾದರೂ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಬಹುದೇ? ಶುಭಾಂಶು ಶುಕ್ಲಾ ಯುದ್ಧವಿಮಾನದ ಪೈಲಟ್ ಆಗಿದ್ದರೂ ಅವರು ಹೋದ ಯಾನಕ್ಕೆ ಕಮಾಂಡರ್ ಬೇರೆಯವರು ಏಕಿದ್ದರು?

ದುಡ್ಡಿಗೆ ಸಿಗುವುದು ಸೀಟು. ಆ ಸೀಟಿನಲ್ಲಿ ಯಾರು ಕೂರಬೇಕು, ಯಾವ ಹೊಣೆ ಹೊತ್ತು ಕೂರಬೇಕು ಅನ್ನುವುದು ದುಡ್ಡು ಕೊಟ್ಟವರೊಬ್ಬರ ಕೈಯಲ್ಲಿಲ್ಲ. ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ತಿಳಿದರೆ ಮೊದಲನೆಯದೂ ಅರ್ಧ ತಿಳಿದ ಹಾಗೆ.

2025ರ ಜೂನ್ 25ರಂದು ಹೊರಟ, ಆಕ್ಸಿಯಂ ಸ್ಪೇಸ್ ಎಂಬ ಖಾಸಗಿ ಕಂಪನಿಯ ಆಕ್ಸಿಯಂ-4 ಯಾನದಲ್ಲಿ ಪೆಗ್ಗಿ ವಿಟ್ಸನ್ ಕಮಾಂಡರ್, ಶುಕ್ಲಾ ಪೈಲಟ್. ಪೋಲೆಂಡ್ ಮತ್ತು ಹಂಗೆರಿಯ ಇಬ್ಬರು ಮಿಷನ್ ಸ್ಪೆಷಲಿಸ್ಟ್‌ಗಳು. ಖಾಸಗಿ ಯಾನದ ಕಮಾಂಡರ್ ಆಗುವವರು ಈಗಾಗಲೇ ಬಾಹ್ಯಾಕಾಶಕ್ಕೆ ಹೋಗಿಬಂದ ನಾಸಾದ ಮಾಜಿ ಗಗನಯಾತ್ರಿಯೇ ಆಗಿರಬೇಕು ಎಂದು ನಾಸಾ 2022ರಲ್ಲಿ ನಿಯಮ ಮಾಡಿತು. ವಿಟ್ಸನ್ ನಾಸಾದಲ್ಲಿದ್ದಾಗ ಎರಡು ಸಲ ನಿಲ್ದಾಣದ ಕಮಾಂಡರ್ ಆಗಿದ್ದವರು. ಈ ಯಾನಕ್ಕೆ ಹೊರಡುವ ಹೊತ್ತಿಗೇ ಅವರ ಲೆಕ್ಕದಲ್ಲಿ 675 ಬಾಹ್ಯಾಕಾಶ ದಿನಗಳಿದ್ದವು. ಯುದ್ಧವಿಮಾನದ ಅನುಭವ ಎಷ್ಟೇ ಇದ್ದರೂ ಅದು ಈ ನಿಯಮದಡಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದು ನಿಜವಾಗಿ ಉಪಯೋಗಕ್ಕೆ ಬರುವುದು ಪೈಲಟ್ ಸೀಟಿನಲ್ಲಿ. ಅವರನ್ನು ಒಯ್ದ ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆ ತಾನಾಗಿಯೇ ಹಾರಿ ತಾನಾಗಿಯೇ ನಿಲ್ದಾಣಕ್ಕೆ ಕೂಡಿಕೊಳ್ಳುತ್ತದೆ. ಆದರೂ ಪರದೆಯ ಮೇಲಿನ ಅಂಕಿಗಳು ಸರಿಯಿವೆಯೇ ಎಂದು ನೋಡುತ್ತಿರಬೇಕು, ಏನಾದರೂ ತಪ್ಪಿದರೆ ಯಾವ ಹಂತದಲ್ಲಿ ಏನು ಮಾಡಬೇಕೆಂಬುದು ಬಾಯಿಪಾಠವಾಗಿರಬೇಕು, ಅಗತ್ಯ ಬಿದ್ದರೆ ಕೈಯಿಂದಲೇ ನಡೆಸಬೇಕು.

ಆ ನಿಯಮದ ಹಿಂದೆ ಮೊದಲ ಯಾನದ ಪಾಠವಿದೆ. 2022ರ ಏಪ್ರಿಲ್ 8ರಂದು ಹೊರಟ ಆಕ್ಸಿಯಂ-1ರಲ್ಲಿ ಕಮಾಂಡರ್ ಮೈಕಲ್ ಲೋಪೆಜ್-ಅಲೆಗ್ರಿಯಾ ಹಳಬರು, ಉಳಿದ ಮೂವರೂ ಮೊದಲ ಸಲ ಹೋದವರು. ಅವರು ಇಪ್ಪತ್ತೈದಕ್ಕೂ ಹೆಚ್ಚು ಪ್ರಯೋಗಗಳನ್ನು ಒಪ್ಪಿಕೊಂಡಿದ್ದರು, ವೇಳಾಪಟ್ಟಿಯಲ್ಲಿ ಮೊದಲ ದಿನಗಳೇ ಕಿಕ್ಕಿರಿದಿದ್ದವು. ತೂಕರಹಿತ ಸ್ಥಿತಿಯಲ್ಲಿ ಮೊದಲ ಎರಡು ಮೂರು ದಿನ ಹೆಚ್ಚಿನವರಿಗೆ ತಲೆಭಾರ, ವಾಕರಿಕೆ ಕಾಡುತ್ತದೆ. ನೆಲದ ಮೇಲೆ ಹತ್ತು ನಿಮಿಷದ ಕೆಲಸ ಅಲ್ಲಿ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆಂದರೆ ಕೈಬಿಟ್ಟ ವಸ್ತು ಅಲ್ಲೇ ಇರುವುದಿಲ್ಲ. ಹೊಸಬರು ತಡವರಿಸಿದಾಗ ನೆರವಿಗೆ ಬರಬೇಕಾದದ್ದು ನಿಲ್ದಾಣದ ಕಾಯಂ ಸಿಬ್ಬಂದಿ, ಅದೂ ತಮ್ಮ ಕೆಲಸ ಬಿಟ್ಟು. ಹೊಂದಿಕೊಳ್ಳಲು ಹೆಚ್ಚಿನ ಸಮಯ ಕೊಡಬೇಕೆಂಬ ತಿದ್ದುಪಡಿ ಬಂದದ್ದೂ ಇದೇ ಅನುಭವದಿಂದ. ನನ್ನ ಮಟ್ಟಿಗೆ ಇಡೀ ಆಯ್ಕೆ ಮತ್ತು ತರಬೇತಿಯ ತಿರುಳು ಇಷ್ಟೇ: ಏಳು ಜನರ ಮನೆಗೆ ನಾಲ್ವರು ನೆಂಟರು ಬಂದಾಗ ಮನೆಯವರ ಕೆಲಸ ನಿಲ್ಲಬಾರದು.

ಇನ್ನು ಯಾರು ಒಪ್ಪಿಗೆ ಕೊಡುತ್ತಾರೆ ಅನ್ನುವುದು. ಯಾತ್ರಿಯ ಹೆಸರನ್ನು ಮುಂದಿಡುವುದು ಕಂಪನಿ, ಅಂದರೆ ಹ್ಯೂಸ್ಟನ್‌ನ ಆಕ್ಸಿಯಂ ಸ್ಪೇಸ್. ಸರ್ಕಾರ ಸೀಟು ಕೊಂಡಿದ್ದರೆ ಮೊದಲ ಆಯ್ಕೆ ಆ ಸರ್ಕಾರದ್ದು. ಶುಕ್ಲಾ ಮತ್ತು ಅವರ ಬದಲಿಯಾಗಿ ಪ್ರಶಾಂತ್ ಬಾಲಕೃಷ್ಣನ್ ನಾಯರ್ ಅವರನ್ನು ಭಾರತದ ಸ್ವಂತ ಗಗನಯಾನಕ್ಕೆಂದು ಆಯ್ಕೆಯಾಗಿದ್ದ ನಾಲ್ವರಿಂದ ಆರಿಸಿದ್ದು ಹಾಗೆ. ಕೊನೆಯ ಮುದ್ರೆ ಬೀಳುವುದು ನಿಲ್ದಾಣದ ಪಾಲುದಾರ ಸಂಸ್ಥೆಗಳೆಲ್ಲ ಸೇರಿದ ಬಹುರಾಷ್ಟ್ರೀಯ ಸಿಬ್ಬಂದಿ ಸಮಿತಿಯಲ್ಲಿ. ಅಮೆರಿಕ, ರಷ್ಯಾ, ಯುರೋಪ್, ಜಪಾನ್, ಕೆನಡಾ ಐದೂ ಒಪ್ಪಬೇಕು. 2001ರಲ್ಲಿ ಅಮೆರಿಕದ ಉದ್ಯಮಿ ಡೆನಿಸ್ ಟಿಟೊ ರಷ್ಯಾಕ್ಕೆ ಹಣ ಕೊಟ್ಟು ಅದರ ಸೊಯುಜ್ ನೌಕೆಯಲ್ಲಿ ಹೋದಾಗ ನಾಸಾ ಬಲವಾಗಿ ವಿರೋಧಿಸಿತ್ತು. ಯಾರನ್ನು ಯಾವ ಮಾನದಂಡದಲ್ಲಿ ಕಳಿಸಬಹುದು ಎಂಬ ಲಿಖಿತ ಒಪ್ಪಂದ 2002ರ ಜನವರಿಯಲ್ಲಿ ಹುಟ್ಟಿದ್ದು ಆ ಜಗಳದ ನಂತರವೇ.

ವೈದ್ಯಕೀಯ ಪರೀಕ್ಷೆಯಲ್ಲಿ ವಯಸ್ಸು ಒಂದೇ ಅಡ್ಡಿಯಾಗುವುದಿಲ್ಲ. ಆಕ್ಸಿಯಂ-1ರ ಪೈಲಟ್ ಲ್ಯಾರಿ ಕಾನರ್ ಅವರಿಗೆ ಆಗ 72. ಹೃದಯ, ಕಣ್ಣು, ಮನಸ್ಥಿತಿ ಎಲ್ಲ ನೋಡುತ್ತಾರೆ. ಮೂತ್ರಪಿಂಡದ ಕಲ್ಲನ್ನು ಹಗುರವಾಗಿ ಬಿಡುವುದಿಲ್ಲ. ತೂಕವಿಲ್ಲದ ಕಡೆ ಮೂಳೆಯ ಕ್ಯಾಲ್ಸಿಯಂ ಕರಗಿ ಮೂತ್ರಕ್ಕೆ ಸೇರುವುದರಿಂದ ಕಲ್ಲಾಗುವ ಸಾಧ್ಯತೆ ಹೆಚ್ಚು. ಅಲ್ಲಿ ಶಸ್ತ್ರಚಿಕಿತ್ಸೆ ಇಲ್ಲ. ಒಬ್ಬರಿಗೆ ನೋವು ಬಂದರೆ ಅದೇ ನೌಕೆಯಲ್ಲಿ ಬಂದ ನಾಲ್ವರೂ ವಾಪಸಾಗಬೇಕಾಗಬಹುದು.

ತರಬೇತಿ ಒಬ್ಬೊಬ್ಬರಿಗೆ ಸುಮಾರು 700ರಿಂದ 1000 ಗಂಟೆ. ನೌಕೆಯ ಪಾಠ ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿರುವ ಸ್ಪೇಸ್‌ಎಕ್ಸ್‌ನಲ್ಲಿ. ನಿಲ್ದಾಣದ ಪಾಠ ಹ್ಯೂಸ್ಟನ್‌ನ ಜಾನ್ಸನ್ ಕೇಂದ್ರದಲ್ಲಿ. ನಿಲ್ದಾಣದಲ್ಲಿರುವ ಯುರೋಪಿನ ಕೊಲಂಬಸ್ ಪ್ರಯೋಗಾಲಯದ ಪಾಠಕ್ಕೆ ಜರ್ಮನಿಯ ಕಲೋನ್, ಜಪಾನಿನ ಕಿಬೋ ಪ್ರಯೋಗಾಲಯದ ಪಾಠಕ್ಕೆ ಜಪಾನಿನ ತ್ಸುಕುಬಾ. ಒತ್ತಡದ ಉಡುಪನ್ನು ಒಬ್ಬೊಬ್ಬರ ಅಳತೆಗೇ ಹೊಲಿಯುತ್ತಾರೆ. ಹಾಗಾಗಿ ಕೊನೆ ಗಳಿಗೆಯಲ್ಲಿ ಆಳು ಬದಲಾಯಿಸುವುದು ಸುಲಭವಲ್ಲ. ಬದಲಿ ಯಾತ್ರಿಯೂ ಮೊದಲಿನಿಂದಲೇ ಜೊತೆಗೆ ಕಲಿಯುವುದು ಇದಕ್ಕೇ.

ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ಮೂರು ತುರ್ತು ಸಂದರ್ಭಗಳನ್ನು. ಒಂದು ಬೆಂಕಿ. ಇನ್ನೊಂದು ಗಾಳಿ ಸೋರಿಕೆ: ಒತ್ತಡ ಇಳಿಯುವ ವೇಗ ನೋಡಿ, ಅದು ಅಪಾಯದ ಮಿತಿಯಾದ 490 ಮಿಲಿಮೀಟರ್ ಪಾದರಸಕ್ಕೆ ಇಳಿಯಲು ಎಷ್ಟು ನಿಮಿಷ ಉಳಿದಿದೆ ಎಂದು ಲೆಕ್ಕ ಹಾಕುತ್ತಾರೆ. ನಿಲ್ದಾಣದ ಮಾಮೂಲಿ ಒತ್ತಡ 760ರ ಸುಮಾರು. ಉಳಿದಿರುವ ಆ ನಿಮಿಷಗಳಲ್ಲೇ ಒಂದೊಂದು ಬಾಗಿಲು ಮುಚ್ಚುತ್ತ ಸೋರುವ ಭಾಗವನ್ನು ಹುಡುಕಬೇಕು. ಮೂರನೆಯದು ಅಮೋನಿಯಾ, ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ. ಅಮೆರಿಕದ ಭಾಗವನ್ನು ತಂಪಾಗಿಡುವ ಹೊರಗಿನ ಕೊಳವೆಗಳಲ್ಲಿ ಹರಿಯುವುದು ಅಮೋನಿಯಾ. ಅದು ಒಳಗೆ ಬಂದರೆ ಮುಖವಾಡ ಹಾಕಿಕೊಂಡು ರಷ್ಯಾದ ಭಾಗಕ್ಕೆ ಓಡಿ ನಡುವಿನ ಬಾಗಿಲು ಮುಚ್ಚಬೇಕು. ಇಂಥ ಹೊತ್ತಿನಲ್ಲಿ ಖಾಸಗಿ ಯಾತ್ರಿ ವೀರನಾಗಬೇಕಿಲ್ಲ. ತನ್ನ ಮುಖವಾಡ ಎಲ್ಲಿದೆ, ತನ್ನ ಡ್ರ್ಯಾಗನ್ ಯಾವ ಪೋರ್ಟ್‌ನಲ್ಲಿದೆ, ಯಾರ ಹಿಂದೆ ಹೋಗಬೇಕು ಅನ್ನುವುದು ನಿದ್ದೆಗಣ್ಣಲ್ಲೂ ಗೊತ್ತಿದ್ದರೆ ಸಾಕು. ನಿಲ್ದಾಣ ತಲುಪಿದ ಕೂಡಲೇ ಸ್ವಾಗತದ ಬೆನ್ನಿಗೇ ಸುರಕ್ಷತೆಯ ಪಾಠ ಇಟ್ಟಿರುವುದು ಅದಕ್ಕೇ.

ಹನ್ನೊಂದು ಜನ ಸೇರಿದಾಗ ದಿನನಿತ್ಯದ ಬದುಕೂ ಬಿಗಿಯಾಗುತ್ತದೆ. ಮಲಗುವ ಗೂಡುಗಳು ಕಾಯಂ ಸಿಬ್ಬಂದಿಗೇ ಸರಿಹೋಗುವುದರಿಂದ ಬಂದವರು ಡ್ರ್ಯಾಗನ್‌ನಲ್ಲೋ ಕೊಲಂಬಸ್‌ನಲ್ಲೋ ಮಲಗುವ ಚೀಲ ಕಟ್ಟಿಕೊಳ್ಳುತ್ತಾರೆ. ಉಸಿರಿನ ಇಂಗಾಲದ ಡೈಆಕ್ಸೈಡ್ ತೆಗೆಯುವ ಯಂತ್ರಗಳ ಮೇಲೂ ಶೌಚಾಲಯದ ಮೇಲೂ ಹೊರೆ ಏರುತ್ತದೆ. ಎಲ್ಲಕ್ಕೂ ಬೆಲೆಯಿದೆ. ನಾಸಾದ 2021ರ ದರಪಟ್ಟಿಯಲ್ಲಿ ಒಂದು ಯಾನಕ್ಕೆ ಕಾಯಂ ಸಿಬ್ಬಂದಿಯ ನೆರವಿಗೆ 52 ಲಕ್ಷ ಡಾಲರ್, ಯೋಜನೆ ಮತ್ತು ಸಿದ್ಧತೆಗೆ 48 ಲಕ್ಷ ಡಾಲರ್, ಊಟಕ್ಕೆ ತಲಾ ದಿನಕ್ಕೆ 2,000 ಡಾಲರ್ ಇತ್ತು. ರಾಕೆಟ್, ನೌಕೆ, ತರಬೇತಿ ಬೇರೆ. ಭಾರತಕ್ಕೆ ತರಬೇತಿಯೂ ಸೇರಿ ತಗುಲಿದ್ದು ಸುಮಾರು 550 ಕೋಟಿ ರೂಪಾಯಿ.

ಸಮಯದ ವಿಷಯದಲ್ಲಿ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಆಕ್ಸಿಯಂ-4 ತಂಡ ಮೇ ಕೊನೆಯಲ್ಲೇ ಕ್ವಾರಂಟೈನ್ ಸೇರಿತ್ತು. ಆಮೇಲೆ ಫಾಲ್ಕನ್-9 ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರಿತು. ಅದು ಸರಿಹೋಗುವಷ್ಟರಲ್ಲಿ ನಿಲ್ದಾಣದಲ್ಲಿ ರಷ್ಯಾಕ್ಕೆ ಸೇರಿದ ಜ್ವೆಜ್ದಾ ಎಂಬ ಭಾಗದ ಗಾಳಿ ಸೋರಿಕೆಯ ದುರಸ್ತಿಯನ್ನು ಪರಿಶೀಲಿಸಲು ನಾಸಾ ಸಮಯ ಕೇಳಿತು. ಮುಂದೂಡುತ್ತ ಮುಂದೂಡುತ್ತ ಜೂನ್ 25 ಆಯಿತು. ಹಿಂತಿರುಗುವಾಗಲೂ ಅಷ್ಟೇ: ಹತ್ತು ದಿನಕ್ಕೆಂದು ಹೋದ ಆಕ್ಸಿಯಂ-1, ನೌಕೆ ಇಳಿಯಬೇಕಾದ ಸಮುದ್ರದ ಹವೆ ಕೆಟ್ಟು ಹದಿನೇಳು ದಿನಕ್ಕೆ ಮರಳಿತು.

ಹಾಗಾದರೆ ಯಾರು ಬೇಕಾದರೂ ಹೋಗಬಹುದೇ? ಆರೋಗ್ಯ, ಸಮಯ, ಕೋಟಿಗಟ್ಟಲೆ ಹಣ ಮೂರೂ ಇದ್ದರೆ ದಾರಿ ಮುಚ್ಚಿಲ್ಲ. ಆದರೆ ಆಕ್ಸಿಯಂ-1ರ ಮೂರು ಸೀಟು ಸ್ವಂತ ಹಣದವರ ಪಾಲಾಗಿದ್ದರೆ, ಆಕ್ಸಿಯಂ-3 ಮತ್ತು 4ರ ವೇಳೆಗೆ ಮೂರೂ ಸರ್ಕಾರಗಳ ಪಾಲಾದವು. ದೇಶವೊಂದಕ್ಕೆ ಬೇಕಾದದ್ದು ಅಲ್ಲಿನ ಪ್ರಯೋಗದ ಸಮಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು ಮತ್ತು ಮೆಂತ್ಯ ಬೀಜಗಳನ್ನು ಶುಕ್ಲಾ ಅಲ್ಲಿ ಮೊಳಕೆ ಬರಿಸಿ, ಚಿತ್ರ ತೆಗೆದು, ಫ್ರೀಜರ್‌ನಲ್ಲಿಟ್ಟು ತಂದರು. ಬಾಹ್ಯಾಕಾಶ ಕಂಡ ಬೀಜಗಳನ್ನು ಇಲ್ಲಿ ಹಲವು ತಲೆಮಾರು ಬೆಳೆಸಿ ಸಸ್ಯದ ವಂಶವಾಹಿ, ಪೋಷಕಾಂಶಗಳಲ್ಲಿ ಏನು ಬದಲಾಯಿತು ಎಂದು ನೋಡುವುದು ಆ ಪ್ರಯೋಗದ ಮುಂದಿನ ಭಾಗ.