‘ನನಗಾಗಿ ಕಾಯಬೇಡ’ ಎಂದು ಬರೆಯಲೇ?

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯವನು, 26 ವರ್ಷ, ಸೇನೆಯಲ್ಲಿ ಸಿಪಾಯಿ. ಗಡಿಯಲ್ಲಿ ಗುಂಡಿನ ದಾಳಿ ಶುರುವಾಗಿ ರಜೆ ರದ್ದಾಗಿದೆ. ಕಾವಲು ಪೋಸ್ಟ್‌ಗೆ ಮೊಬೈಲ್ ಒಯ್ಯುವಂತಿಲ್ಲ. ನಾನು ಪ್ರೀತಿಸುವ ಹುಡುಗಿ ಊರಿನಲ್ಲಿ ಟೀಚರ್. ಅವರ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಕಾಗದ ಬರೆಯಲು ಕೂತರೆ ‘ಆರಾಮಿದ್ದೇನೆ’ ಎಂಬುದರ ಮುಂದೆ ಪೆನ್ನು ಓಡುವುದಿಲ್ಲ. ‘ನನಗಾಗಿ ಕಾಯಬೇಡ’ ಎಂದು ಬರೆದುಬಿಡಲೇ?

ಉತ್ತರ: ದಯವಿಟ್ಟು ಬರೆಯಬೇಡಿ. ಫೋನಿದ್ದಿದ್ದರೆ ಆ ಮಾತಿಗೆ ಅವರು ಅಲ್ಲೇ ಜಗಳವಾಡುತ್ತಿದ್ದರು, ಅತ್ತು ನಿಮ್ಮನ್ನು ಒಪ್ಪಿಸುತ್ತಿದ್ದರು. ಕಾಗದದಲ್ಲಿ ಅದು ತೀರ್ಪಾಗಿಬಿಡುತ್ತದೆ. ಅವರ ಉತ್ತರ ನಿಮ್ಮ ಕೈಸೇರುವಷ್ಟರಲ್ಲಿ ಮನೆಯವರು ಮಾತುಕತೆ ಮುಗಿಸಿರಬಹುದು. ಕಾಯುವುದು ಬಿಡುವುದು ಅವರಿಗೆ ಬಿಟ್ಟದ್ದು. ನೀವು ಕೇಳಬೇಕಾದದ್ದು ಇಷ್ಟೇ: ‘ಮನೆಯಲ್ಲಿ ಮಾತು ಎಲ್ಲಿಗೆ ಬಂದಿದೆ? ನಿನ್ನ ಮನಸ್ಸಿನಲ್ಲಿ ಏನಿದೆ?’

ಅವರು ದಿನವೂ ಟಿವಿ ನೋಡುತ್ತಿರುತ್ತಾರೆ. ಬರೀ ‘ಆರಾಮಿದ್ದೇನೆ’ ಎಂದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅನ್ನಿಸುತ್ತದೆ. ಲಂಗರ್‌ನಲ್ಲಿ (ಸೇನೆಯ ಅಡುಗೆಮನೆಯಲ್ಲಿ) ಇವತ್ತು ಏನು ಬೇಯಿಸಿದ್ದರು, ಪಕ್ಕದ ಮಂಚದವನು ನಿದ್ದೆಯಲ್ಲಿ ಏನು ಬಡಬಡಿಸಿದ, ಕಾಲ್ಚೀಲ ಒಣಗಿಸಲು ಪಟ್ಟ ಪಾಡೇನು, ಅದನ್ನೆಲ್ಲ ಬರೆಯಿರಿ. ‘ರಾತ್ರಿ ಸಂತ್ರಿ ಡ್ಯೂಟಿಯಲ್ಲಿ ಭಯವಾಗುತ್ತದೆ, ಆಗ ನಿನ್ನ ನೆನಪಾಗುತ್ತದೆ’ ಎಂದೂ ಧೈರ್ಯವಾಗಿ ಬರೆಯಬಹುದು. ಜಾಗ, ಬೆಟ್ಟದ ಹೆಸರು, ಯೂನಿಟ್ ಹೊರಡುವ ದಿನ, ಜನ ಎಷ್ಟು, ಆಯುಧ ಯಾವುದು, ಗಾಯಗೊಂಡವರು ಯಾರು, ಇವು ಮಾತ್ರ ಬೇಡವೇ ಬೇಡ. ಸಂಕೇತದಲ್ಲೂ ಬೇಡ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿದ್ದ ಭಾರತೀಯ ಸಿಪಾಯಿಗಳು ತಮ್ಮವರನ್ನು ಕರಿಮೆಣಸು, ಬಿಳಿಯರನ್ನು ಕೆಂಪುಮೆಣಸು ಎಂದು ಊರಿಗೆ ಬರೆಯುತ್ತಿದ್ದರು. ಪತ್ರ ಓದುತ್ತಿದ್ದ ಸೆನ್ಸಾರ್ ಅಧಿಕಾರಿಗಳಿಗೆ ಅದೂ ಅರ್ಥವಾಗಿತ್ತು. ನಿಮ್ಮ ಕಾಗದದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡ ಎಂದು ಮೊದಲ ಪತ್ರದಲ್ಲೇ ಹೇಳಿಬಿಡಿ.

ಇನ್ನು ಅಂಚೆಯ ವಿಚಾರ. ಹವಾಮಾನ ಕೆಟ್ಟರೆ ಟಪಾಲು ಎಲ್ಲೋ ರಾಶಿ ಬಿದ್ದು, ಎಂಟನೆಯ ಪತ್ರ ಆರನೆಯದಕ್ಕಿಂತ ಮೊದಲೇ ಮುಟ್ಟುತ್ತದೆ. ಸಿಟ್ಟಿನಲ್ಲಿ ಬರೆದದ್ದು ರಾಜಿಯ ಪತ್ರದ ನಂತರ ಬಂದರೆ ವಾರಗಟ್ಟಲೆ ಸಂಕಟ. ಆದ್ದರಿಂದ ಪ್ರತಿ ಪತ್ರದ ಮೇಲ್ಭಾಗದಲ್ಲಿ ಕ್ರಮಸಂಖ್ಯೆ, ತಾರೀಖು ಹಾಕಿ, ಕೆಳಗೆ ‘ನಿನ್ನ 4ನೇ ಪತ್ರ ಸಿಕ್ಕಿದೆ’ ಎಂದು ಸೇರಿಸಿ. ಇನ್‌ಲ್ಯಾಂಡ್ ಲೆಟರ್‌ನೊಳಗೆ ಫೋಟೋ, ಹೂವು ಇಡುವಂತಿಲ್ಲ, ಅದಕ್ಕೆ ಲಕೋಟೆಯೇ ಬೇಕು. ಸಾಮಾನ್ಯ ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಹೆಚ್ಚಿನ ಅಂಚೆದರ ಬೀಳದಂತೆ, ಲಕೋಟೆ ಸೇರಿ 20 ಗ್ರಾಂ ದಾಟದಿರಲು ಮೂರು ಹಾಳೆಗೆ ನಿಲ್ಲಿಸಿ. ಜೆಲ್ ಪೆನ್ ಒದ್ದೆಗೆ ಹರಡುತ್ತದೆ, ಬಾಲ್‌ಪೆನ್ ವಿಪರೀತ ಚಳಿಗೆ ಮೊಂಡು ಹಿಡಿಯುತ್ತದೆ. ಪೆನ್ಸಿಲ್ ಒಂದು ಜೊತೆಗಿರಲಿ. ಅವರು ನಿಮಗೆ ಬರೆಯುವಾಗ ಸೇನಾ ಸಂಖ್ಯೆ, ರ‍್ಯಾಂಕ್, ಹೆಸರು, ಯೂನಿಟ್, ಆಮೇಲೆ 56 ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ) ಮತ್ತು 9ರಿಂದ ಶುರುವಾಗುವ ಪಿನ್‌ಕೋಡ್ ಇದ್ದರೆ ಸಾಕು. ನೀವಿರುವ ಊರಿನ ಹೆಸರು ಸೇರಿಸಬಾರದು. ನಿಮ್ಮ ಕಾಗದ ಅವರ ಮನೆಗೆ ಹೋಗಬೇಕೋ ಶಾಲೆಗೋ ಎಂಬುದನ್ನು ಅವರನ್ನೇ ಕೇಳಿ. ಹಳ್ಳಿಯಲ್ಲಿ ಪೋಸ್ಟ್‌ಮ್ಯಾನ್ ಕಟ್ಟೆಯ ಮೇಲೆ ಕೂತವರ ಕೈಗೇ ಕೊಟ್ಟು ಹೋಗುವುದುಂಟು.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ನಿಮಗೆ ಏನಾದರೂ ಆದರೆ ಸೇನೆ ತಿಳಿಸುವುದು ದಾಖಲೆಯಲ್ಲಿರುವ ಹತ್ತಿರದ ಸಂಬಂಧಿಕರಿಗೆ. ನಿಮ್ಮ ವಿಷಯದಲ್ಲಿ ಅದು ಬಹುಶಃ ಅಪ್ಪ ಅಥವಾ ಅವ್ವ. ಮದುವೆಯಾಗಿ ಪಾರ್ಟ್ ಟೂ ಆರ್ಡರ್ (ಮದುವೆಯನ್ನು ಸೇನೆಯ ದಾಖಲೆಗೆ ಸೇರಿಸುವ ಆದೇಶ) ಆಗುವವರೆಗೆ ಆ ಹುಡುಗಿಯ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಆಸ್ಪತ್ರೆ ಸೇರಿದರೂ ಅವರಿಗೆ ಊರಿನವರ ಬಾಯಿಂದಲೇ ಗೊತ್ತಾಗಬೇಕು. ಹಾಗಾಗಿ ಈ ವಾರವೇ ಅಕ್ಕನಿಗೋ ನಂಬಿಕೆಯ ಅಣ್ಣನಿಗೋ ಬೇರೆ ಕಾಗದ ಬರೆದು ಹುಡುಗಿಯ ಹೆಸರು, ಫೋನ್ ನಂಬರ್ ಕೊಡಿ. ನಿಮ್ಮ ಬಗ್ಗೆ ಏನಾದರೂ ಸುದ್ದಿ ಬಂದರೆ ಮೊದಲು ಆ ಹುಡುಗಿಗೇ ಫೋನ್ ಮಾಡಬೇಕು ಎಂದು ಕೇಳಿಕೊಳ್ಳಿ. ಹುಡುಗಿ ಒಪ್ಪಿದರೆ, ನಿಮ್ಮ ರಜೆಗೆ ಕಾಯದೆ ಹಿರಿಯರು ಅವರ ಮನೆಗೆ ಹೋಗಿ ಮಾತು ತೆಗೆಯಲಿ ಎಂದೂ ಅದೇ ಕಾಗದದಲ್ಲಿ ಬರೆಯಿರಿ.