ಮನೆಯ ಕಂಪ್ಯೂಟರಿನಲ್ಲೇ ವೆಬ್ ಸರ್ವರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಬಡಾವಣೆಯ ಗ್ರಂಥಾಲಯದ ಪುಸ್ತಕಗಳನ್ನು ಹುಡುಕಲು ನೆರವಾಗುವ ಒಂದು ಜಾಲತಾಣ ಮಾಡಬೇಕೆಂದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಬರೆದ ಫೈಲನ್ನು ಬ್ರೌಸರಿನಲ್ಲಿ ತೆರೆದರೆ ನಾನು ಬರೆದ ಸಾಲುಗಳೇ ಕಾಣುತ್ತವೆ. ಪರಿಚಿತರ ಸಲಹೆಯಂತೆ ಎಕ್ಸಾಂಪ್ ಹಾಕಿಕೊಂಡೆ. ಅದರಲ್ಲಿ ಅಪಾಚೆ ಶುರುವಾದಂತೆ ಕಂಡು ಮರುಕ್ಷಣವೇ ನಿಂತುಬಿಡುತ್ತದೆ. ನನ್ನದು ವಿಂಡೋಸ್ ಇರುವ ಹಳೆಯ ಡೆಸ್ಕ್‌ಟಾಪ್. ಹೊಸದನ್ನು ಕೊಳ್ಳಬೇಕೇ?
— ನಿವೃತ್ತ ಶಿಕ್ಷಕರು, ರಾಜಾಜಿನಗರ

ಉತ್ತರ: ಹೊಸದನ್ನು ಕೊಳ್ಳಬೇಕಾಗಿಲ್ಲ. ಒಬ್ಬರೇ ಕೂತು ಕಲಿಯುವ ಈ ಕೆಲಸಕ್ಕೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೂಡ ಧಾರಾಳವಾಗಿ ಸಾಕು.

ನಿಮ್ಮ ಮೊದಲ ತೊಂದರೆ ನಿಜವಾಗಿ ತೊಂದರೆಯೇ ಅಲ್ಲ. ಬ್ರೌಸರಿಗೆ ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆ ಅರ್ಥವಾಗುತ್ತದೆಯೇ ಹೊರತು ಪಿಎಚ್‌ಪಿ ಅರ್ಥವಾಗುವುದಿಲ್ಲ. ಫೈಲಿನ ಮೇಲೆ ಕ್ಲಿಕ್ ಮಾಡಿ ತೆರೆದಾಗ ಬ್ರೌಸರ್ ಅದನ್ನು ನೇರವಾಗಿ ಡಿಸ್ಕಿನಿಂದ ಓದುತ್ತದೆ. ಪಿಎಚ್‌ಪಿಯನ್ನು ಓಡಿಸಿ, ಅದರಿಂದ ಸಿದ್ಧವಾದ ಎಚ್‌ಟಿಎಂಎಲ್ ಪುಟವನ್ನು ಕೊಡುವವರು ನಡುವೆ ಯಾರೂ ಇರುವುದಿಲ್ಲ. ಆ ಕೆಲಸ ವೆಬ್ ಸರ್ವರಿನದು. ಎಕ್ಸಾಂಪ್ ಎಂಬುದು ಅಪಾಚೆ ಸರ್ವರ್, ಮಾರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ ಮತ್ತು ಪರ್ಲ್ ಇವಿಷ್ಟನ್ನೂ ಒಟ್ಟಿಗೆ ಹಾಕಿಕೊಡುವ ಉಚಿತ ತಂತ್ರಾಂಶ. ಸಿ ಡ್ರೈವಿನ ಎಕ್ಸಾಂಪ್ ಫೋಲ್ಡರಿನೊಳಗೆ ಎಚ್‌ಟಿಡಾಕ್ಸ್ ಎಂಬ ಫೋಲ್ಡರ್ ಇರುತ್ತದೆ. ನಿಮ್ಮ ಫೈಲುಗಳನ್ನು ಅದರಲ್ಲಿ ಒಂದು ಉಪಫೋಲ್ಡರ್ ಮಾಡಿ ಇಡಿ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಓರೆಗೆರೆ ಹಾಕಿ, ಆ ಉಪಫೋಲ್ಡರಿನ ಹೆಸರನ್ನು ಕೊಡಿ. ಲೋಕಲ್‌ಹೋಸ್ಟ್ ಎಂದರೆ 127.0.0.1 ಎಂಬ ವಿಳಾಸ, ಅಂದರೆ ನಿಮ್ಮದೇ ಕಂಪ್ಯೂಟರ್. ಕೋರಿಕೆ ಮನೆಯಿಂದ ಹೊರಗೆ ಹೋಗುವುದೇ ಇಲ್ಲವಾದ್ದರಿಂದ ಇಂಟರ್‌ನೆಟ್ ಇಲ್ಲದಿದ್ದರೂ ಇದು ನಡೆಯುತ್ತದೆ.

ಇನ್ನು ಅಪಾಚೆ ನಿಲ್ಲುವ ವಿಷಯ. ಒಂದೇ ಕಂಪ್ಯೂಟರಿನಲ್ಲಿ ಬಂದ ಕೋರಿಕೆ ಯಾವ ತಂತ್ರಾಂಶಕ್ಕೆ ಹೋಗಬೇಕೆಂಬುದನ್ನು ಪೋರ್ಟ್ ಎಂಬ ಸಂಖ್ಯೆ ಗೊತ್ತುಮಾಡುತ್ತದೆ. ಅಪಾಚೆಗೆ 80 ಮತ್ತು 443 ಬೇಕು. ಬೇರೊಂದು ತಂತ್ರಾಂಶ ಅವುಗಳಲ್ಲಿ ಒಂದನ್ನು ಮೊದಲೇ ಹಿಡಿದುಕೊಂಡಿದ್ದರೆ ಅಪಾಚೆ ಶುರುವಾಗಲಾರದು. ನೀವು ಹೇಳಿರುವ ಲಕ್ಷಣಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಎಕ್ಸಾಂಪ್ ಕಂಟ್ರೋಲ್ ಪ್ಯಾನೆಲ್ಲಿನ ಬಲಬದಿಯಲ್ಲಿರುವ ನೆಟ್‌ಸ್ಟಾಟ್ ಗುಂಡಿಯನ್ನು ಒತ್ತಿದರೆ ಯಾವ ಪೋರ್ಟ್ ಯಾರ ಕೈಯಲ್ಲಿದೆ ಎಂಬ ಪಟ್ಟಿ ಬರುತ್ತದೆ. 80ರ ಎದುರು ಸಿಸ್ಟಮ್ ಎಂದೂ ಪ್ರೊಸೆಸ್ ಸಂಖ್ಯೆ 4 ಎಂದೂ ಇದ್ದರೆ, ಹೆಚ್ಚಾಗಿ ಅದು ವಿಂಡೋಸಿನದೇ ವೆಬ್ ಸರ್ವರ್ ಆದ ಐಐಎಸ್. ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ಎಂಬುದನ್ನು ಹುಡುಕಿ ನಿಲ್ಲಿಸಿರಿ. ಪೋರ್ಟನ್ನು ಹಿಡಿದಿರುವ ತಂತ್ರಾಂಶ ನಿಮಗೆ ಬೇಕಾದದ್ದೇ ಆಗಿದ್ದರೆ ಅಪಾಚೆಯನ್ನೇ ಬೇರೆ ಪೋರ್ಟಿಗೆ ಸರಿಸಬಹುದು: ಅಪಾಚೆಯ ಎದುರಿನ ಕಾನ್ಫಿಗ್ ಗುಂಡಿಯಿಂದ ಎಚ್‌ಟಿಟಿಪಿಡಿ.ಕಾನ್ಫ್ ಫೈಲನ್ನು ತೆರೆದು, ಲಿಸನ್ 80 ಎಂಬಲ್ಲಿ ಲಿಸನ್ 8080 ಎಂದು ತಿದ್ದಿ ಉಳಿಸಿರಿ. ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿಗಳು. ಅವನ್ನು ತಿದ್ದಿದರೆ ಏನೂ ಆಗುವುದಿಲ್ಲ. ಆಮೇಲೆ ವಿಳಾಸದಲ್ಲಿ ಲೋಕಲ್‌ಹೋಸ್ಟ್ ಎಂಬುದರ ನಂತರ ಕೋಲನ್ ಹಾಕಿ 8080 ಎಂದು ಸೇರಿಸಬೇಕು.

ಡೆಸ್ಕ್‌ಟಾಪ್ ಎಂದಿರುವುದರಿಂದ ಇನ್ನೊಂದು ಮಾತು. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ ನಮ್ಮಲ್ಲಿ ಕರೆಂಟು ಹೋಗುವುದು ಸಾಮಾನ್ಯ, ಮತ್ತು ಬರೆಯುತ್ತಿರುವಾಗಲೇ ಕಂಪ್ಯೂಟರ್ ಆರಿದರೆ ಡೇಟಾಬೇಸ್ ಕೆಡುವ ಸಾಧ್ಯತೆ ಇರುತ್ತದೆ. ಚಿಕ್ಕದೊಂದು ಯುಪಿಎಸ್ ಇಟ್ಟುಕೊಳ್ಳಿ. ಜೊತೆಗೆ, ಡೇಟಾಬೇಸನ್ನು ನೋಡಿಕೊಳ್ಳಲು ಎಕ್ಸಾಂಪ್ ಜೊತೆಗೇ ಬರುವ ಪಿಎಚ್‌ಪಿ ಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಪೆನ್ ಡ್ರೈವಿನಲ್ಲಿ ಇಡುವ ರೂಢಿ ಮಾಡಿಕೊಳ್ಳಿ. ಡೇಟಾಬೇಸ್ ನಡೆಯುತ್ತಿರುವಾಗ ಅದರ ಫೋಲ್ಡರನ್ನೇ ನಕಲು ಮಾಡಿದರೆ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಮನೆಯ ಸರ್ವರಿನಲ್ಲಿ ಎಲ್ಲವೂ ಸರಿಯಾಗಿದೆ, ಆದರೆ ಡೇಟಾಬೇಸಿನಿಂದ ಬರುವ ಕನ್ನಡ ಮಾತ್ರ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ. ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪಟ್ಟಿಯನ್ನೂ ಸೇರಿಸಬೇಕಾಗಿದೆ.
— ಕಾಲೇಜು ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಕನ್ನಡದ ತಾಣ ಕಟ್ಟುವವರು ಮೊದಲ ದಿನವೇ ಸರಿಮಾಡಿಕೊಳ್ಳಬೇಕಾದ ಸಂಗತಿ ಇದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆಯೂ (್) ಸೇರಿ ಐದು ಸಂಕೇತಗಳು, ಅಂದರೆ 15 ಬೈಟುಗಳು. ಡೇಟಾಬೇಸಿನ ಕೋಷ್ಟಕ ಲ್ಯಾಟಿನ್1 ಎಂಬ ಹಳೆಯ ಪದ್ಧತಿಯಲ್ಲಿದ್ದರೆ ಅದರಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ, ಹಾಗಾಗಿ ಒಂದೊಂದು ಸಂಕೇತವೂ ಒಂದೊಂದು ಪ್ರಶ್ನಾರ್ಥಕವಾಗಿ ಬದಲಾಗುತ್ತದೆ. ಕೋಷ್ಟಕದಲ್ಲೇ ಹೀಗೆ ಕೂತಿದ್ದರೆ ಮೂಲ ಪಠ್ಯ ಹೋದಂತೆಯೇ. ಮತ್ತೆ ತುಂಬದೆ ಬೇರೆ ದಾರಿಯಿಲ್ಲ. ಇದಕ್ಕೆ ಬದಲಾಗಿ, ತಲೆಯ ಮೇಲೆ ಓರೆಗೆರೆಯಿರುವ ರೋಮನ್ ‘ಎ’ ಅಕ್ಷರವೂ ಅದರ ಪಕ್ಕದಲ್ಲಿ ಪುಟ್ಟದಾಗಿ 2 ಅಥವಾ 3ರ ಅಂಕಿಯೂ ಮತ್ತೆ ಮತ್ತೆ ಕಂಡರೆ ಧೈರ್ಯವಾಗಿರಿ: ಬೈಟುಗಳು ಸಾಮಾನ್ಯವಾಗಿ ಹಾಳಾಗಿರುವುದಿಲ್ಲ, ಅವನ್ನು ಓದುವ ಪದ್ಧತಿ ಮಾತ್ರ ತಪ್ಪಿರುತ್ತದೆ. ಎರಡಕ್ಕೂ ಪರಿಹಾರವೆಂದರೆ ಪುಟದ ಮೆಟಾ ಸಾಲಿನಲ್ಲಿ ಯುಟಿಎಫ್-8 ಎಂದೂ, ಕೋಷ್ಟಕದಲ್ಲಿ ಮತ್ತು ಪಿಎಚ್‌ಪಿಯಿಂದ ಡೇಟಾಬೇಸಿಗೆ ಮಾಡುವ ಸಂಪರ್ಕದಲ್ಲಿ ಯುಟಿಎಫ್8ಎಂಬಿ4 (ಡೇಟಾಬೇಸಿನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದೂ ತಪ್ಪದೆ ನಮೂದಿಸುವುದು. ಹೆಚ್ಚಿನವರು ಮರೆಯುವುದು ಸಂಪರ್ಕವನ್ನೇ.

ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನ ಪಠ್ಯವನ್ನು ಹಾಗೆಯೇ ತುಂಬಬೇಡಿ. ಅದರೊಳಗೆ ಇರುವುದು ಕನ್ನಡವಲ್ಲ, ಫಾಂಟು ಕನ್ನಡದಂತೆ ತೋರಿಸುವ ಬೇರೆ ಸಂಕೇತಗಳು. ಹುಡುಕಾಟ ಅಲ್ಲಿ ನಡೆಯುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಕೊಂಡ ಮೇಲೆ ಅರ್ಕಾವತ್ತಿರುವ ಪದಗಳನ್ನು ಕಣ್ಣಾರೆ ನೋಡಿರಿ. ‘ಸೂರ್ಯ’ದಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು ‘ಯ’ದ ನಂತರ ಇಡುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಪರಿವರ್ತನೆ ತಪ್ಪುವುದು ಇಂಥ ಕಡೆಯಲ್ಲೇ.

ಪ್ರಶ್ನೆ: ಮನೆಯವರ ಮೊಬೈಲಿನಲ್ಲಿ ಲೋಕಲ್‌ಹೋಸ್ಟ್ ಎಂದು ಹಾಕಿದರೆ ನನ್ನ ತಾಣ ತೆರೆಯುವುದಿಲ್ಲ. ಮುಂದೆ ಇದೇ ಕಂಪ್ಯೂಟರಿನಿಂದ ಎಲ್ಲರಿಗೂ ಕಾಣುವಂತೆ ಮಾಡಬಹುದೇ?
— ಓದುಗರು, ಮಾರತಹಳ್ಳಿ

ಉತ್ತರ: ಮೊಬೈಲಿನಲ್ಲಿ ಲೋಕಲ್‌ಹೋಸ್ಟ್ ಎಂದರೆ ಆ ಮೊಬೈಲೇ. ಎರಡೂ ಒಂದೇ ವೈಫೈನಲ್ಲಿರಲಿ. ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಎಂದು ಕೊಟ್ಟರೆ ಬಹುತೇಕ ಮನೆಗಳಲ್ಲಿ 192.168 ಎಂದು ಶುರುವಾಗುವ ವಿಳಾಸ ಸಿಗುತ್ತದೆ, ಅದನ್ನು ಮೊಬೈಲಿನಲ್ಲಿ ಹಾಕಿರಿ. ಆಗಲೂ ತೆರೆಯದಿದ್ದರೆ ವಿಂಡೋಸಿನ ಫೈರ್‌ವಾಲ್ ತಡೆಯುತ್ತಿರಬಹುದು: ಮನೆಯ ವೈಫೈಯನ್ನು ಪ್ರೈವೇಟ್ ಎಂದು ಗುರುತಿಸಿ, ಅಪಾಚೆಗೆ ಅಲ್ಲಿ ಮಾತ್ರ ಅನುಮತಿ ಕೊಡಿ.

ಊರಿಗೆಲ್ಲ ತೆರೆಯುವುದು ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಎಕ್ಸಾಂಪ್ ಸಿದ್ಧವಾಗಿರುವುದು ಕಲಿಕೆಗೆ ಮತ್ತು ಅಭಿವೃದ್ಧಿಗೆ. ಅದರ ಡೇಟಾಬೇಸಿನ ರೂಟ್ ಖಾತೆಗೆ ಹಾಕಿಕೊಂಡಾಗ ಪಾಸ್‌ವರ್ಡೇ ಇರುವುದಿಲ್ಲ. ಮೇಲಾಗಿ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ರೂಟರಿನ ಪುಟದಲ್ಲಿ ಕಾಣುವ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನಿಮ್ಮದೂ ಹಾಗೆಯೇ, ಮತ್ತು ಆಗ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ನಿಮ್ಮ ಕಂಪ್ಯೂಟರಿಗೆ ದಾಟಿಸುವ ಏರ್ಪಾಡು) ಮಾಡಿದರೂ ಹೊರಗಿನವರು ಆ ದಾರಿಯಿಂದ ನಿಮ್ಮನ್ನು ತಲುಪಲಾರರು.

ತಾಣ ಸಿದ್ಧವಾದ ಮೇಲೆ ಅದನ್ನು ಹೋಸ್ಟಿಂಗ್ ಸೇವೆಯೊಂದಕ್ಕೆ ಸಾಗಿಸಿರಿ. ಅಲ್ಲಿ ಬಹುಮಟ್ಟಿಗೆ ಲಿನಕ್ಸ್ ಇರುತ್ತದೆ. ವಿಂಡೋಸ್ ಫೈಲಿನ ಹೆಸರಿನಲ್ಲಿ ರೋಮನ್ ದೊಡ್ಡಕ್ಷರ, ಸಣ್ಣಕ್ಷರ ಎಂದು ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಮನೆಯಲ್ಲಿ ಕಾಣುತ್ತಿದ್ದ ಚಿತ್ರಗಳು ಅಲ್ಲಿ ಮಾಯವಾಗುವುದು ಇದರಿಂದಲೇ. ಈಗಿನಿಂದಲೇ ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲಿಡಿ, ಕೊಂಡಿಗಳಲ್ಲಿ ಲೋಕಲ್‌ಹೋಸ್ಟ್ ಎಂಬ ಹೆಸರನ್ನು ಎಲ್ಲೂ ಬರೆಯಬೇಡಿ.