ಬಿಲ್ಲೆಯ ಮೇಲೆ ಹೆಸರಿರುವುದಿಲ್ಲ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: “ರಷ್ಯಾದ ಹಿಮದಲ್ಲಿ ನೆಟ್ಟ ಬರ್ಚ್ ಮರದ ಶಿಲುಬೆ, ಅದರ ತುದಿಗೆ ತೊಡಿಸಿದ ಜರ್ಮನ್ ಸೈನಿಕನ ಉಕ್ಕಿನ ಟೋಪಿ. ಕಳೆದ ಸಂಚಿಕೆಯಲ್ಲಿ ಈ ಚಿತ್ರಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಊರು ಸುಡಲು ಬಂದವರ ಗೋರಿಗೆ ಇಷ್ಟು ಮರ್ಯಾದೆ ಏಕೆ? ಅಂದ ಹಾಗೆ, ಮ್ಯೂನಿಕ್‌ನಲ್ಲಿರುವ ನನ್ನ ಸೋದರಳಿಯ ಅಂಥ ಸೈನಿಕನೊಬ್ಬನ ಕೊರಳ ಗುರುತಿನ ಬಿಲ್ಲೆಯನ್ನು ಸಂತೆಯಲ್ಲಿ ಕೊಂಡಿದ್ದಾನೆ. ನೆಲದಿಂದ ಅಗೆದದ್ದಂತೆ, ಇಡಿಯಾಗಿದೆ.”

ಮಾನ್ಯರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿತು. ಜರ್ಮನ್ನರ ಸೆರೆಯಲ್ಲಿ ಹಸಿವಿನಿಂದ ಸತ್ತ ಲಕ್ಷಾಂತರ ಸೋವಿಯತ್ ಸೈನಿಕರಿಗೆ ಶಿಲುಬೆಯಿರಲಿ, ಒಂದು ಗೂಟವೂ ದಕ್ಕಲಿಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ನಿದ್ದೆ ಕೆಡಿಸಿದ್ದು ನಿಮ್ಮ ಸಿಟ್ಟಲ್ಲ, ‘ಅಂದ ಹಾಗೆ’ ಎಂದು ನೀವು ಹಗುರವಾಗಿ ಸೇರಿಸಿದ ಮಾತು.

ಆ ಬಿಲ್ಲೆಯನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಲು ಅಳಿಯನಿಗೆ ಹೇಳಿ. ಸತು ಅಥವಾ ಅಲ್ಯೂಮಿನಿಯಮ್ಮಿನ ಅಂಡಾಕಾರದ ತಗಡು. ನಡುವೆ ಅಡ್ಡಲಾಗಿ ಕೊರೆದ ಸೀಳುಗಳು. ಮೇಲಿನ ಅರ್ಧದಲ್ಲಿ ಒತ್ತಿದ ದಳದ ಗುರುತು ಮತ್ತು ಕ್ರಮಸಂಖ್ಯೆಯೇ ಕೆಳಗಿನ ಅರ್ಧದಲ್ಲೂ ತಲೆಕೆಳಗಾಗಿ ಕಾಣುತ್ತವೆ. ಹೆಸರು ಮಾತ್ರ ಎಲ್ಲೂ ಇಲ್ಲ. ಅದು ಇದ್ದದ್ದು ಬರ್ಲಿನ್ನಿನಲ್ಲಿ 1939ರಲ್ಲಿ ತೆರೆದ ಸೇನಾ ಮಾಹಿತಿ ಕಚೇರಿಯ ಪಟ್ಟಿಗಳಲ್ಲಿ. ಸೈನಿಕ ಸತ್ತಾಗ ಕೆಳಗಿನ ಅರ್ಧವನ್ನು ಮುರಿದು ವರದಿಯೊಡನೆ ಕಳುಹಿಸುತ್ತಿದ್ದರು, ಮೇಲಿನ ಅರ್ಧ ಹೆಣದ ಜೊತೆಗೇ ಮಣ್ಣು ಸೇರುತ್ತಿತ್ತು. ಬಿಲ್ಲೆ ಇಡಿಯಾಗಿ ನೆಲದಿಂದ ಬಂದಿದ್ದರೆ, ಬಹುಶಃ ಅದನ್ನು ಮುರಿಯಲು ಅಲ್ಲಿ ಯಾರೂ ಉಳಿದಿರಲಿಲ್ಲ. ಮನೆಯವರಿಗೆ ‘ಕಾಣೆಯಾಗಿದ್ದಾನೆ’ ಎಂಬ ಒಂದೇ ಸಾಲು ಹೋಗಿರುತ್ತದೆ.

ಶಿಲುಬೆಗಳನ್ನು ನಂಬುವಂತಿರಲಿಲ್ಲ. ತೊಗಟೆಯನ್ನೂ ಸುಲಿಯದೆ ಕಟ್ಟಿದ ಬರ್ಚ್ ಕೊಂಬೆ (ನಮ್ಮ ಭೂರ್ಜಪತ್ರದ ಬಳಗದ ಮರವೇ ಅದು) ಮಳೆ ಹಿಮಗಳಿಗೆ ಎಷ್ಟು ಕಾಲ ತಡೆದೀತು? ಕೊಳೆತು ಹೋದವು ಕೆಲವು, ಸೌದೆಯಾದವು ಹಲವು, ಕೆಂಪು ಸೇನೆ ಮರಳಿ ಬಂದಾಗ ಕಿತ್ತೆಸೆದದ್ದು ಇನ್ನೆಷ್ಟೋ. ತಮ್ಮ ಊರನ್ನು ಮರಳಿ ಪಡೆದವರನ್ನು ಅದಕ್ಕಾಗಿ ದೂರಲು ನನಗೆ ಬಾಯಿಲ್ಲ. ಉಳಿದದ್ದು ಮಣ್ಣಿನೊಳಗಿನ ಆ ತಗಡೊಂದೇ.

1992ರಲ್ಲಿ ರಷ್ಯಾ ಮತ್ತು ಜರ್ಮನಿ ಸಮರ ಸಮಾಧಿಗಳ ಕುರಿತು ಒಪ್ಪಂದ ಮಾಡಿಕೊಂಡ ಮೇಲೆ, ಜರ್ಮನ್ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳಲು 1919ರಲ್ಲಿ ಹುಟ್ಟಿದ ಫೋಲ್ಕ್ಸ್‌ಬುಂಡ್ ಎಂಬ ಸಂಸ್ಥೆ ಅಲ್ಲಿನ ಹೊಲಗಳಲ್ಲಿ ಅವರ ಮೂಳೆಗಳನ್ನು ಹುಡುಕಿ ಹೊರತೆಗೆದು ಮತ್ತೆ ಹೂಳುತ್ತಿದೆ. ವೋಲ್ಗೊಗ್ರಾಡ್ ಬಳಿಯ ರೊಸೊಷ್ಕಾದಲ್ಲಿ 1999ರಲ್ಲಿ ತೆರೆದ ಜರ್ಮನ್ ಸ್ಮಶಾನದಲ್ಲಿ, ಮೂಳೆಯೂ ಸಿಗದ ಒಂದು ಲಕ್ಷಕ್ಕೂ ಹೆಚ್ಚು ಜನರ ಹೆಸರುಗಳನ್ನು ಗ್ರಾನೈಟ್ ಘನಗಳ ಮೇಲೆ ಕೆತ್ತಿದ್ದಾರೆ. ರಸ್ತೆಯ ಆಚೆ ಬದಿಯಲ್ಲೇ ಸೋವಿಯತ್ ಸೈನಿಕರ ಸ್ಮಶಾನವಿದೆ. ಮೂಳೆ ಸಿಕ್ಕವನು ಯಾರೆಂದು ಹೇಳಲು ಬಿಲ್ಲೆಯಷ್ಟು ನೆರವಾಗುವುದು ಮತ್ತೊಂದಿಲ್ಲ. ಕಳ್ಳ ಅಗೆತದವರು ರಾತ್ರಿ ಬಂದು ಮೊದಲು ಎತ್ತಿಕೊಂಡು ಹೋಗುವುದೂ ಅದನ್ನೇ.

ಶತ್ರುವಿನ ಗೋರಿಯನ್ನು ಕಾಯುವುದು ಅತಿಯಾಯಿತು ಎನ್ನುತ್ತೀರಲ್ಲ, ಬರ್ಲಿನ್ನಿನ ದಕ್ಷಿಣಕ್ಕಿರುವ ಜೆಹ್ರೆನ್ಸ್‌ಡೋರ್ಫ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕು ಸತ್ತ 206 ಭಾರತೀಯರ ಸಮಾಧಿಗಳಿವೆ. ಜರ್ಮನ್ನರ ಲೆಕ್ಕದಲ್ಲಿ ಅವರೂ ಶತ್ರುಗಳೇ. ಅವರ ಹೆಸರುಗಳು ಉಳಿಯಬಾರದಿತ್ತು ಎಂದು ನೀವು ಹೇಳಲಾರಿರಿ.

ಹಳೆಯದನ್ನು ಅದರ ಜಾಗದಿಂದ ಕಿತ್ತು ಶೋಕೇಸಿಗೆ ಏರಿಸುವ ಚಟ ಎಲ್ಲೆಡೆ ಒಂದೇ. ಬೆಂಗಳೂರಿನ ಪರಿಚಿತರೊಬ್ಬರ ಮನೆಯಲ್ಲಿ ಓಲೆಗರಿಯ ಕಟ್ಟನ್ನು ಬಿಚ್ಚಿ, ಒಂದೊಂದು ಗರಿಗೂ ಗಾಜಿನ ಚೌಕಟ್ಟು ಹಾಕಿಸಿ ಮೂರು ಕೋಣೆಗಳಲ್ಲಿ ತೂಗುಹಾಕಿದ್ದನ್ನು ಕಂಡಿದ್ದೇನೆ. ಕೃತಿಯ ಹೆಸರೇನೆಂದು ಕೇಳಿದೆ. ಅದು ಇದ್ದದ್ದು ಕೊನೆಯ ಗರಿಯಲ್ಲಿ. ಆ ಗರಿಯನ್ನು ಯಾರಿಗೋ ಮದುವೆಗೆ ಉಡುಗೊರೆ ಕೊಟ್ಟಿದ್ದರಂತೆ.

ನಿಮ್ಮ ಅಳಿಯನನ್ನು ನಾನು ಆ ಸಾಲಿಗೆ ಸೇರಿಸುತ್ತಿಲ್ಲ. ಹುಡುಗರು ಕುತೂಹಲಕ್ಕೆ ಕೊಳ್ಳುತ್ತಾರೆ. ಹಳೆಯ ಸೇನಾ ಪಟ್ಟಿಗಳು 2019ರಿಂದ ಜರ್ಮನಿಯ ರಾಷ್ಟ್ರೀಯ ದಫ್ತರಖಾನೆಯ ವಶದಲ್ಲಿವೆ. ಬಿಲ್ಲೆಯ ಎರಡೂ ಬದಿಗಳ ಫೋಟೊ ತೆಗೆದು, ಎಲ್ಲಿ, ಯಾರಿಂದ ಕೊಂಡದ್ದೆಂದು ನಾಲ್ಕು ಸಾಲು ಬರೆದು ಅಲ್ಲಿಗೆ ಕಳುಹಿಸಲಿ. ನಮಗೆ ಆ ಚಿತ್ರ ಬೇಡ. ಅಲ್ಲಿಂದ ಉತ್ತರ ಬಂದರೆ ಮಾತ್ರ ದಯವಿಟ್ಟು ಬರೆಯಿರಿ.